ಎರಡು ಸಾವಿರದ ನೂರ ನಲವತ್ತು ಚುಕ್ಕಿಗಳು

ನಾನು ಬಹಳ ಜಾಗರೂಕ ಹೆಂಗಸು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದನ್ನು ಓದಿದ ಮೇಲೆ ನನ್ನ ಪರವಾಗಿ ಯಾರೂ ಇದನ್ನು ಹೇಳುವುದಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಬಂದರೆ ಅರ್ಧ ದಾರಿಯಿಂದ ಸ್ಕೂಟರ್ ತಿರುಗಿಸಿಕೊಂಡು ಬಂದು ನೋಡಿ ಹೋಗುವವಳು ನಾನು. ಬಾಗಿಲಿಗೆ ಬೀಗ ಹಾಕಿದರೆ ಮೂರು ಸಲ ಜಗ್ಗುತ್ತೇನೆ. ಹಾಗೆ ಜಗ್ಗಿ ಜಗ್ಗಿ ಒಮ್ಮೆ ಚಿಲಕವೇ ಕೈಗೆ ಬಂತು, ಅದು ಬೇರೆ ವಿಷಯ.

ಇಷ್ಟು ಜಾಗರೂಕಳಾದ್ದರಿಂದಲೇ ಐದು ವರ್ಷದಲ್ಲಿ ಮುಗಿಯಬೇಕಾದ ಪಿಎಚ್‌ಡಿಯನ್ನು ಏಳನೆಯ ವರ್ಷವೂ ಮಾಡುತ್ತಿದ್ದೆ. ಲ್ಯಾಬ್ ಇರುವುದು ನಾಗರಬಾವಿ ಕಡೆಯ ಒಂದು ಕ್ಯಾಂಪಸ್ಸಿನಲ್ಲಿ. ಮನೆ ಹೊಸಹಳ್ಳಿಯಲ್ಲಿ. ಮನೆಯಲ್ಲಿ ನಾವು ಮೂವರು: ನಾನು, ನಮ್ಮನೆಯವರು, ನಮ್ಮ ಅತ್ತೆ. ನಮ್ಮನೆಯವರಿಗೆ ಆರ್‌ಪಿಸಿ ಲೇಔಟಿನಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುವ ಅಂಗಡಿಯಿದೆ. ಅಂಗಡಿಯ ಗೋಡೆಯ ಮೇಲೆ ಅವರೇ ಬರೆದ ಒಂದು ಬೋರ್ಡು: "ಮೊದಲು ಪ್ಲಗ್ ನೋಡಿ." ರಿಪೇರಿಗೆಂದು ಹೊತ್ತು ತರುವ ಮಿಕ್ಸಿಗಳಲ್ಲಿ ಅರ್ಧಕ್ಕೆ ಯಾವ ಕಾಯಿಲೆಯೂ ಇರುವುದಿಲ್ಲವಂತೆ. ಮನೆಯಲ್ಲಿ ಪ್ಲಗ್ ಸರಿಯಾಗಿ ಕೂತಿರುವುದಿಲ್ಲವಂತೆ. ಹೀಗಾಗಿ ನನ್ನ ಸಂಶೋಧನೆಯ ಯಾವ ಸಂಕಟ ತೋಡಿಕೊಂಡರೂ ಅವರ ಮೊದಲ ಪ್ರಶ್ನೆ ಒಂದೇ.

"ಪ್ಲಗ್ ನೋಡಿದ್ಯಾ?"

"ರೀ, ಅದು ಮಿಕ್ಸಿ ಅಲ್ಲ. ಅಣು ನೋಡೋ ಮಿಷನ್ನು!"

"ಏನ್ ನೋಡೋದಾದ್ರೂ ಕರೆಂಟಲ್ಲೇ ತಾನೆ ಓಡೋದು?"

ಇಂಥವರಿಗೆ ವಿಜ್ಞಾನ ಹೇಳುವುದಕ್ಕಿಂತ ಅತ್ತೆಗೆ ಹೇಳುವುದೇ ವಾಸಿ. ಅತ್ತೆ ಹೊಸಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲೇ ರಾಗಿ ಬೆಳೆದವರು. ಈಗ ಆ ಹೊಲದ ಮೇಲೆ ನಮ್ಮ ಮನೆಯೂ ಸೇರಿದಂತೆ ಎರಡು ಬೀದಿ ಎದ್ದಿವೆ. ನವರಾತ್ರಿಯ ಒಂದು ಸಂಜೆ ಅವರು ಹೂ ಕಟ್ಟುತ್ತಾ ಕೂತಿದ್ದರು. ದಾರದ ಉಂಡೆ ಸಿಕ್ಕುಸಿಕ್ಕಾಗಿತ್ತು. ಇದೇ ಸಮಯವೆಂದು ನಾನು ಶುರು ಮಾಡಿದೆ.

"ಅತ್ತೆ, ನಾನ್ ನೋಡೋದೂ ಇದನ್ನೇ. ಡಿಎನ್‌ಎ ಅನ್ನೋದು ನಮ್ಮ ಮೈಯೊಳಗಿರೋ ಒಂದು ದಾರ. ತುಂಬಾ ಸಣ್ಣದು, ಕಣ್ಣಿಗೆ ಕಾಣಲ್ಲ. ಅದೂ ಹಿಂಗೇ ಸುತ್ಕೊಂಡು ಸಿಕ್ಕಾಗುತ್ತೆ. ಬಿಡಿಸೋಕೆ ಒಳಗೇ ಒಂದು ಕಿಣ್ವ ಇದೆ. ಅದು ಬಂದು ದಾರ ಕತ್ತರಿಸಿ, ಸುತ್ತು ಬಿಚ್ಚಿ, ಮತ್ತೆ ಸೇರಿಸಿಬಿಡುತ್ತೆ. ಗಂಟು ಹಾಕಿದ್ ಗುರುತೂ ಇರಲ್ಲ."

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಗಂಟೇ ಕಾಣ್ದಂಗೆ ಸೇರಿಸ್ತದಾ?"

"ಹೂಂ ಅತ್ತೆ."

"ನಂಗೊಂದ್ ಡಬ್ಬಿ ತಂದ್ಕೊಡು."

ನನಗೆ ಬಹಳ ಸಂತೋಷವಾಯಿತು. ಏಳು ವರ್ಷದಲ್ಲಿ ನನ್ನ ಕಿಣ್ವವನ್ನು ತಾನಾಗಿ ಕೇಳಿದ ಮೊದಲ ವ್ಯಕ್ತಿ ಅವರು. ಹುಮ್ಮಸ್ಸಿನಲ್ಲಿ ಉಳಿದದ್ದನ್ನೂ ಹೇಳಿದೆ. ದಾರದ ಒಂದು ತುದಿಯನ್ನು ಗಾಜಿಗೆ ಅಂಟಿಸುತ್ತೇವೆ. ಇನ್ನೊಂದು ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿ. ಮೇಲೊಂದು ಅಯಸ್ಕಾಂತ ಹಿಡಿದರೆ ಅದು ಮಣಿಯನ್ನು ಮೇಲಕ್ಕೆ ಎಳೆಯುತ್ತದೆ, ದಾರ ನೆಟ್ಟಗೆ ನಿಲ್ಲುತ್ತದೆ. ಅಯಸ್ಕಾಂತವನ್ನು ತಿರುಗಿಸಿದರೆ ದಾರ ಹುರಿಗೊಂಡು ಮಣಿ ಕೆಳಗಿಳಿಯುತ್ತದೆ. ಆಗ ಕಿಣ್ವ ಬಿಟ್ಟರೆ ಅದು ಸುತ್ತು ಬಿಚ್ಚಿ ಮಣಿಯನ್ನು ಮತ್ತೆ ಮೇಲಕ್ಕೆ ಏಳಿಸುತ್ತದೆ. ಮಣಿ ಕ್ಯಾಮೆರಾಕ್ಕೆ ಕಾಣುವುದು ಒಂದು ಚುಕ್ಕಿಯಾಗಿ, ಸುತ್ತ ಸಣ್ಣ ಬಳೆಗಳೊಂದಿಗೆ. ಬಳೆಯ ಅಳತೆ ನೋಡಿ ಮಣಿ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಕಂಪ್ಯೂಟರ್ ಹೇಳುತ್ತದೆ.

ಮೊದಲೆಲ್ಲ ಒಂದು ಸಲಕ್ಕೆ ಒಂದೇ ದಾರ ನೋಡುತ್ತಿದ್ದರು. ನಮ್ಮ ಮಿಷನ್ನಿನ ಹೆಚ್ಚುಗಾರಿಕೆಯೆಂದರೆ ಒಂದೇ ಗಾಜಿನ ಮೇಲೆ ಐನೂರು, ಆರುನೂರು ದಾರಗಳನ್ನು ಒಟ್ಟಿಗೆ ನಿಲ್ಲಿಸಿ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ನೋಡಬಹುದು. ಕಿಣ್ವಗಳಲ್ಲೂ ನಮ್ಮ ಹಾಗೆ ಚುರುಕಿನವು, ಸೋಮಾರಿಗಳು ಇರುತ್ತವೆ. ಎಲ್ಲವನ್ನೂ ಕಲಸಿ ಒಂದು ಸರಾಸರಿ ತೆಗೆದರೆ ಯಾರು ಏನು ಮಾಡಿದರೆಂದೇ ತಿಳಿಯುವುದಿಲ್ಲ. ನನ್ನ ಥೀಸಿಸ್ಸಿನ ಮೊದಲನೆಯ ವಾಕ್ಯವೇ ಹೀಗಿದೆ: "ಸರಾಸರಿ ಸುಳ್ಳು ಹೇಳುತ್ತದೆ, ಒಂದೊಂದು ಅಣುವನ್ನೂ ಪ್ರತ್ಯೇಕವಾಗಿ ನೋಡಬೇಕು." ಓದುಗರು ದಯವಿಟ್ಟು ಈ ವಾಕ್ಯವನ್ನು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

"ಆ ಗಾಜಿಗೆ ಬೇರೇನೂ ಅಂಟಬಾರದು ಅಂತ ಮೊದಲು ಹಾಲಿನ ಪ್ರೋಟೀನ್ ಹಾಕಿ ತೊಳೀತೀವಿ ಅತ್ತೆ," ಎಂದು ಮುಗಿಸಿದೆ. ಅದಕ್ಕೆ ಮುಂಚೆಯೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದನ್ನು ಹೇಳಲೇಬಾರದಿತ್ತು.

"ಹಾಲೆರೀತೀಯಾ?" ಅತ್ತೆಯ ಕೈ ನಿಂತಿತು. "ಹಾಲೆರ್ದು ಪೂಜೆ ಮಾಡಲ್ವಾ? ನಾಳಿದ್ದು ಆಯುಧ ಪೂಜೆ. ನಿನ್ ಗಂಡ ಸ್ಕ್ರೂಡ್ರೈವರ್‌ಗೂ ಕುಂಕುಮ ಇಡ್ತಾನೆ. ಏಳ್ ವರ್ಷದಿಂದ ಆ ಮಿಷನ್‌ಗೆ ಒಂದ್ ಹೂವ ಇಟ್ಟಿಲ್ಲ ನೀನು. ಇನ್ನೆಲ್ಲಿಂದ ಮುಗೀತದೆ ನಿನ್ ಓದು?"

ಈ ಮಾತು ನನಗೆ ನಾಟಿತು. ಏಕೆಂದರೆ ನನ್ನ ಓದಿನ ಪರಿಸ್ಥಿತಿ ಆಗ ಹೀಗಿತ್ತು. ಎರಡು ಸಲ ಅವಧಿ ವಿಸ್ತರಿಸಿಕೊಂಡಿದ್ದೆ. ಮೂರನೆಯ ಪತ್ರದಲ್ಲಿ "ಇದೇ ಕೊನೆಯದು" ಎಂದು ಬರೆದು, ಕೊನೆಯದು ಎಂಬುದರ ಕೆಳಗೆ ಗೆರೆ ಎಳೆದಿದ್ದರು. ತಿಂಗಳ ಕೊನೆಯೊಳಗೆ ಥೀಸಿಸ್ ಕೊಡದಿದ್ದರೆ ಏಳು ವರ್ಷ ನೀರಿನಲ್ಲಿ ಹೋಮ. ಬೇಕಾಗಿದ್ದದ್ದು ಇನ್ನೊಂದೇ ಒಂದು ಪ್ರಯೋಗ: ಕನಿಷ್ಠ ಐನೂರು ದಾರಗಳ ಮೇಲೆ ಕಿಣ್ವದ ಓಡಾಟ. ಆ ಕಿಣ್ವವನ್ನು ತಯಾರಿಸಲು ನನಗೆ ನಾಲ್ಕು ತಿಂಗಳು ಹಿಡಿದಿತ್ತು, ಫ್ರೀಜರಿನಲ್ಲಿ ಉಳಿದಿದ್ದದ್ದು ಮೂರೇ ಮೂರು ಸಣ್ಣ ಟ್ಯೂಬು. ಇಂಥ ಹೊತ್ತಿನಲ್ಲಿ ಮನುಷ್ಯ ವಿಜ್ಞಾನವನ್ನೂ ಬಿಡುವುದಿಲ್ಲ, ಚಾಮುಂಡಿಯನ್ನೂ ಬಿಡುವುದಿಲ್ಲ.

ಆಯುಧ ಪೂಜೆಯ ದಿನ ಬೆಳಿಗ್ಗೆ ಸೇವಂತಿಗೆ ಹಾರ, ಅರಿಶಿನ ಕುಂಕುಮ, ನಿಂಬೆಹಣ್ಣು, ಎರಡು ಸೇರು ಕಡ್ಲೆಪುರಿಯೊಂದಿಗೆ ಲ್ಯಾಬಿಗೆ ಹೋದೆ. ನಮ್ಮ ಅಟೆಂಡರ್ ರಂಗಪ್ಪನವರು ಆಗಲೇ ಬಂದು ಕಾರಿಡಾರಿನ ತುಂಬ ಸೀರಿಯಲ್ ಸೆಟ್ ಕಟ್ಟಿ ಮಿಣಮಿಣ ಎನ್ನಿಸಿದ್ದರು. ನಿವೃತ್ತಿಗೆ ಎರಡು ವರ್ಷವಿರುವ ಹಿರಿಯರು. ನನ್ನನ್ನೂ ನನ್ನ ಹಾರವನ್ನೂ ನೋಡಿ ಅವರ ಕಣ್ಣು ತುಂಬಿ ಬಂತು.

"ಕೊನೆಗೂ ನಿಮ್ಗೊಬ್ರಿಗಾದ್ರೂ ಬುದ್ಧಿ ಬಂತಲ್ಲ ಮೇಡಮ್ಮೋರೇ!"

ನಾನು ಸರ್ವ ಎಚ್ಚರಿಕೆಗಳನ್ನೂ ವಹಿಸಿದೆ. ಕುಂಬಳಕಾಯಿಯನ್ನು ಕಟ್ಟಡದ ಹೊರಗೆ ಒಡೆಸಿದೆ. ಮಂಗಳಾರತಿ ಬೇಡವೆಂದು ಒಂದೇ ಊದುಬತ್ತಿ ಹಚ್ಚಿದೆ. ಅದರ ಹೊಗೆಗೆ ಅಲಾರಂ ಹೊಡೆದುಕೊಳ್ಳಬಾರದೆಂದು ಫ್ಯಾನನ್ನು ಜೋರಾಗಿ ಹಾಕಿದೆ. ಪೂಜೆಗೆ ಮುಂಚೆ ಆಯುಧವನ್ನು ತೊಳೆಯಬೇಕು ಎಂಬ ಶಾಸ್ತ್ರದಂತೆ ಮಿಷನ್ನನ್ನು ಒರೆಸಿದೆ, ಕ್ಯಾಮೆರಾವನ್ನು ಬಿಚ್ಚಿ ಅದರ ಹಿಂದೆ ಮುಂದೆಯೂ ಒರೆಸಿ ಮೇಜಿನ ಮೇಲೆ ಇಟ್ಟೆ.

"ಕಣ್ಣಿಗೂ ಒಂದು ಬೊಟ್ಟಿಡಿ," ಎಂದರು ರಂಗಪ್ಪನವರು, ಕ್ಯಾಮೆರಾದ ಗಾಜನ್ನು ತೋರಿಸಿ.

"ಛೇ ಛೇ, ಗಾಜಿಗೆ ಏನೂ ತಾಗಬಾರದು ರಂಗಪ್ಪಣ್ಣ," ಎಂದು ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಕೆನ್ನೆ ಬಿಸಿಯಾಗುತ್ತದೆ. ಕುಂಕುಮದ ಪೊಟ್ಟಣವನ್ನು ಪಕ್ಕದಲ್ಲಿ ಬಿಚ್ಚಿಟ್ಟು, ಗಾಜಿಗೆ ತಾಗದಂತೆ ಕ್ಯಾಮೆರಾದ ನೆತ್ತಿಯ ಮೇಲೆ ಮಾತ್ರ ಒಂದು ಪುಟ್ಟ ಬೊಟ್ಟಿಟ್ಟೆ. ಮೇಲೆ ಫ್ಯಾನು ಗಿರ್ರನೆ ತಿರುಗುತ್ತಿತ್ತು. ರಂಗಪ್ಪನವರು ಎರಡು ಸಲ ಸೀನಿದರು. ಒಂಟಿ ಸೀನಾದರೆ ಕೆಟ್ಟದ್ದು, ಜೋಡಿ ಸೀನು ಶುಭ ಎಂದು ಅವರೇ ಹೇಳಿದರು. ಕ್ಯಾಮೆರಾವನ್ನು ಮತ್ತೆ ಕೂರಿಸಿ, ಉಳಿದ ಹಾರವನ್ನು ಗೋಡೆಯ ಮೊಳೆಗೆ ನೇತುಹಾಕಿದೆ. ಆ ಮೊಳೆಯಲ್ಲಿ ಲ್ಯಾಬಿನ ನಿಯಮಗಳ ಪಟ್ಟಿ ತೂಗುತ್ತಿತ್ತು. ಅದನ್ನು ನನ್ನ ಕೈಯಾರೆ ಬರೆದವಳು ನಾನೇ. ಮೊದಲನೆಯ ನಿಯಮ: "ಪ್ರಯೋಗಕ್ಕೆ ಮುಂಚೆ ಖಾಲಿ ಗಾಜು ಇಟ್ಟು ನೋಡಿ. ಏನೂ ಕಾಣಬಾರದು." ಹಾರ ಸರಿಯಾಗಿ ಅದರ ಮೇಲೆ ಕೂತಿತು. ನೋಡಲು ಬಹಳ ಲಕ್ಷಣವಾಗಿತ್ತು.

ವಿಜಯದಶಮಿಯ ಮಾರನೆಯ ದಿನ ಪ್ರಯೋಗ ಶುರುವಾಯಿತು. ಗಾಜು ತೊಳೆದೆ, ದಾರ ಕಟ್ಟಿದೆ, ಮಣಿ ಬಿಟ್ಟೆ, ಮಿಷನ್ನಿಗೆ ಏರಿಸಿ ಗುಂಡಿ ಒತ್ತಿದೆ. ಕಂಪ್ಯೂಟರ್ ಚುಕ್ಕಿಗಳನ್ನು ಎಣಿಸತೊಡಗಿತು. ಮುನ್ನೂರು. ಆರುನೂರು. ನಮ್ಮ ಮಿಷನ್ನಿನ ದಾಖಲೆಯೇ ಆರುನೂರ ನಲವತ್ತು. ಸಾವಿರ! ಸಾವಿರದ ಐನೂರು! ನಾನು ಕುರ್ಚಿಯಿಂದ ಎದ್ದು ನಿಂತೆ. ಕೊನೆಗೆ ಎಣಿಕೆ ನಿಂತಾಗ ಪರದೆಯ ಮೇಲೆ ಇದ್ದದ್ದು ಎರಡು ಸಾವಿರದ ನೂರ ನಲವತ್ತು.

ಒಬ್ಬ ಜಾಗರೂಕ ಹೆಂಗಸು ಈ ಹೊತ್ತಿನಲ್ಲಿ ಏನು ಮಾಡಬೇಕು? ಅನುಮಾನ ಪಡಬೇಕು. ನಾನು ಮೊದಲು ಕೈಮುಗಿದೆ. ಆಮೇಲೆ ನಮ್ಮನೆಯವರಿಗೆ ಫೋನ್ ಮಾಡಿದೆ. ಆಮೇಲೆ ಗೈಡ್ ಸಾರ್ ಕೋಣೆಗೆ ಓಡಿದೆ.

ನಮ್ಮ ಗೈಡ್ ಸಾರ್ ಮಿತಭಾಷಿ. ಅವರು ಪರದೆಯನ್ನು ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. "ಏನ್ ಬದಲಾಯಿಸಿದ್ರಿ ಸುಜಾತಾ?" ಎಂದರು. ಆಯುಧ ಪೂಜೆ ಎನ್ನಲು ನಾಚಿಕೆಯಾಗಿ, "ಗಾಜು ತೊಳೆಯೋ ವಿಧಾನದಲ್ಲಿ ಸ್ವಲ್ಪ ಸುಧಾರಣೆ ಸಾರ್," ಎಂದೆ. ಇದು ನನ್ನ ಏಳು ವರ್ಷದ ಸಂಶೋಧನೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಮಧ್ಯಾಹ್ನದ ಟೀ ಹೊತ್ತಿಗೆ ಸಾರ್ ಇಡೀ ವಿಭಾಗಕ್ಕೆ ಹೇಳಿದ್ದರು. ವಿಭಾಗದ ಮುಖ್ಯಸ್ಥರು ಬಂದು ನನ್ನ ಕೈಕುಲುಕಿದರು. ಪಕ್ಕದ ಲ್ಯಾಬಿನವರು ನನ್ನ ಸುಧಾರಿತ ವಿಧಾನವನ್ನು ಬರೆದುಕೊಡಿ ಎಂದು ಪೆನ್ನು ಹಿಡಿದು ಬಂದರು!

ಅತ್ತ ನಮ್ಮನೆಯವರು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟಿದ್ದರು: "ನಮ್ಮ ಸುಜಾತಂಗೆ 2,140 ಬಂದಿದೆ!!" ಅರವತ್ತು ಜನ ಕೈಮುಗಿಯುವ ಚಿತ್ರ ಕಳಿಸಿದರು. ಕೆಂಗೇರಿಯ ಚಿಕ್ಕಮ್ಮ ಮಾತ್ರ, "ಎಷ್ಟಕ್ಕೆ?" ಎಂದು ಕೇಳಿದ್ದರು. ಒಬ್ಬ ಭಾವ ಇದು ಶುಗರ್ ಎಂದು ತಿಳಿದು ಬೆಳಿಗ್ಗೆ ಹಾಗಲಕಾಯಿ ರಸ ಕುಡಿಯಲು ಹೇಳಿದ್ದರು.

ಟೀ ಮುಗಿಸಿ ಬಂದು, ಮೊದಲನೆಯ ಟ್ಯೂಬು ಕಿಣ್ವವನ್ನು ಗಾಜಿನೊಳಗೆ ಬಿಟ್ಟೆ. ಇನ್ನು ಎರಡು ಸಾವಿರ ಚುಕ್ಕಿಗಳು ಎದ್ದು ಕುಣಿಯಬೇಕು. ಒಂದು ಗಂಟೆ ಕಾದೆ. ಎಲ್ಲ ಚುಕ್ಕಿಗಳ ಚಲನೆಯನ್ನೂ ಸೇರಿಸಿ ಕಂಪ್ಯೂಟರ್ ಕೊನೆಯಲ್ಲಿ ಒಂದು ಗೆರೆ ಎಳೆಯುತ್ತದೆ, ಅದರ ಕೆಳಗೆ ಒಂದು ಸಾಲಿನ ತೀರ್ಪು ಕೊಡುತ್ತದೆ. ಗೆರೆ ನೆಲ ಕಚ್ಚಿತ್ತು. ತೀರ್ಪು: "ಬಹುಪಾಲು ಚಲನೆ ಇಲ್ಲ."

ದಾರ ಇದೆ, ಮಣಿ ಇದೆ, ಎರಡು ಸಾವಿರ ಇವೆ. ಅಲುಗಾಡುತ್ತಿಲ್ಲವೆಂದರೆ ಅರ್ಥ ಒಂದೇ. ಕಿಣ್ವ ಸತ್ತಿದೆ! ಏಕೆ ಸತ್ತಿತು? ಫ್ರೀಜರ್ ಕೆಟ್ಟಿರಬೇಕು. ಫ್ರೀಜರ್ ಏಕೆ ಕೆಟ್ಟಿತು? ಆಗ ನನ್ನ ಕಣ್ಣ ಮುಂದೆ ಕಾರಿಡಾರಿನ ಸೀರಿಯಲ್ ಸೆಟ್ ಮಿಣಮಿಣ ಎಂದಿತು.

"ರಂಗಪ್ಪಣ್ಣ, ಲೈಟ್ ಹಾಕೋಕೆ ಫ್ರೀಜರ್ ಪ್ಲಗ್ ತೆಗೆದ್ರಾ?"

ರಂಗಪ್ಪನವರ ಮುಖ ಸಣ್ಣಗಾಯಿತು. "ಇಲ್ಲ ಮೇಡಮ್ಮೋರೇ. ಆಫೀಸ್ ರೂಮಿಂದ ವೈರ್ ಎಳ್ಕೊಂಡಿದ್ದು."

"ಒಂದ್ನಿಮಿಷಕ್ಕೂ ತೆಗೀಲಿಲ್ವಾ? ನಿಜ ಹೇಳಿ."

"ಮೂವತ್ತು ವರ್ಷ ಆಯ್ತು ಇಲ್ಲಿ ನಾನು. ಯಾವ ಪ್ಲಗ್ ಮುಟ್ಬಾರದು ಅಂತ ನಂಗೊತ್ತಿಲ್ವಾ?" ಎಂದು ಅವರು ಪೊರಕೆ ತೆಗೆದುಕೊಂಡು ಹೊರಗೆ ಹೋದರು. ಆ ಸಂಜೆಯಿಂದ ನನಗೆ ಟೀ ಕೊಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನು ಬಿಟ್ಟು ನೆಲ ಗುಡಿಸುವವರನ್ನೇ ಡೊಂಕು ಎಂದಿದ್ದೆ.

ಮಾರನೆಯ ದಿನ ಹೊಸ ಗಾಜು, ಎರಡನೆಯ ಟ್ಯೂಬು. ಮತ್ತೆ ಎರಡು ಸಾವಿರದ ಮೇಲೆ ಚುಕ್ಕಿಗಳು. ಮತ್ತೆ ಗೆರೆ ನೆಲ ಕಚ್ಚಿತು. ಉಳಿದದ್ದು ಒಂದೇ ಟ್ಯೂಬು. ಅದೂ ಸತ್ತಿದೆಯೆಂದು ಮುಟ್ಟುವ ಮೊದಲೇ ನನಗೆ ಖಾತ್ರಿಯಾಗಿತ್ತು. ಹೊಸದಾಗಿ ತಯಾರಿಸಲು ನಾಲ್ಕು ತಿಂಗಳು ಬೇಕು, ನನ್ನ ಬಳಿ ಇದ್ದದ್ದು ಮೂರು ವಾರ. ಸಂಜೆ ಕೂತು ಗೈಡ್ ಸಾರ್‌ಗೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಮೇಲ್ ಬರೆದೆ. ಅದರ ಕನ್ನಡ ಸಾರಾಂಶ: "ಮಾನ್ಯರೇ, ಭಾರವಾದ ಹೃದಯದಿಂದ ತಿಳಿಸುವುದೇನೆಂದರೆ, ನಾಲ್ಕು ತಿಂಗಳು ಸಾಕಿದ ನಮ್ಮ ಕಿಣ್ವವು ನಮ್ಮನ್ನು ಅಗಲಿದೆ. ಥೀಸಿಸ್ ಕೊಡಲು ಸಾಧ್ಯವಾಗದು. ತಮ್ಮ ಏಳು ವರ್ಷ ಹಾಳು ಮಾಡಿದ್ದಕ್ಕೆ ಕ್ಷಮೆಯಿರಲಿ." ಕಳಿಸುವ ಗುಂಡಿ ಒತ್ತಿ ಅತ್ತುಬಿಟ್ಟೆ. ಆ ಅಳುವಿನಲ್ಲಿ ತಮಾಷೆ ಏನೂ ಇರಲಿಲ್ಲ. ಏಳು ವರ್ಷ ಬೆಳಿಗ್ಗೆ ಎದ್ದು ಹೋದ ದಾರಿಯೇ ಮುಗಿದುಹೋಯಿತು ಎನ್ನಿಸಿತ್ತು.

ಮನೆಗೆ ಬಂದು ನಮ್ಮನೆಯವರಿಗೆ ಎಲ್ಲ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ತಲೆ ಸವರಿದರು. ನನಗೂ ಇನ್ನೇನು ಒಂದು ಒಳ್ಳೆಯ ಮಾತು ಬರುತ್ತದೆ ಎನ್ನಿಸಿತು.

"ಸುಜಾತಾ, ಬೇಜಾರ್ ಮಾಡ್ಕೋಬೇಡ. ಒಂದ್ ಮಾತ್ ಕೇಳ್ಲಾ?"

"ಕೇಳ್ರಿ."

"ಪ್ಲಗ್ ನೋಡಿದ್ಯಾ?"

ನಾನು ಎದ್ದು ಹೋಗಿ ಮುಸುಕೆಳೆದು ಮಲಗಿಬಿಟ್ಟೆ.

ಶನಿವಾರ ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಇನ್ನೊಂದು ದುರಂತ ನಡೆದಿತ್ತು. ಅತ್ತೆ ಮೊರದ ತುಂಬ ಅಕ್ಕಿ ಹಾಕಿಕೊಂಡು ಕೇರುತ್ತಾ, ಅಂಗಡಿಯವನ ವಂಶವನ್ನೆಲ್ಲ ಬೈಯುತ್ತಿದ್ದರು.

"ಬಾ ಇಲ್ಲಿ ಸುಜಾತ, ನೋಡು ಈ ಅನ್ಯಾಯಾನ! ಹೊಸಾ ಮೂಟೆ. ಅಕ್ಕಿ ತುಂಬಾ ಹುಳ! ಕೆಂಪು ಹುಳ. ಬೆಳಿಗ್ಗೆಯಿಂದ ಕೇರ್ತಾ ಇದೀನಿ, ಒಂದೂ ಹೋಗ್ತಿಲ್ಲ."

ನಾನು ಬಗ್ಗಿ ನೋಡಿದೆ. ಅಕ್ಕಿ ಮಲ್ಲಿಗೆಯಂತೆ ಬೆಳ್ಳಗಿತ್ತು. "ಎಲ್ಲಿ ಅತ್ತೆ?"

"ಎಲ್ಲಿ ಅಂತೀಯಲ್ಲ! ಇಲ್ಲೊಂದು, ಇಲ್ಲೊಂದು, ಇಲ್ ಮೂರು. ಅಕ್ಕಿ ಹಾರ್ತದೆ, ಹುಳ ಮಾತ್ರ ಇದ್ದಲ್ಲೇ ಇರ್ತದೆ. ಎಂಥಾ ಮೊಂಡ್ ಹುಳ ಇವು!"

ಒಳಗಿಂದ ಬಂದ ನಮ್ಮನೆಯವರು, "ಮೂಟೆ ಹೊತ್ಕೊಂಡ್ ಹೋಗಿ ಅವನ ಅಂಗಡೀಲೇ ಸುರೀತೀನಿ ತಡಿ," ಎಂದು ಲುಂಗಿ ಮೇಲಕ್ಕೆ ಕಟ್ಟಿದರು. ನಾನು ಅತ್ತೆಯ ಮುಖ ನೋಡಿದೆ. ಬೆಳಿಗ್ಗೆ ದೇವರಿಗೆ ಕುಂಕುಮಾರ್ಚನೆ ಮಾಡಿ ಎದ್ದವರು ಅವರು. ಕನ್ನಡಕದ ಎರಡು ಗಾಜಿನ ಮೇಲೂ ಕೆಂಪು ಪುಡಿ ಸಣ್ಣಗೆ ಕೂತಿತ್ತು.

"ಅತ್ತೆ, ಕನ್ನಡಕ ಕೊಡಿ." ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ.

ಅತ್ತೆ ಮೊರ ನೋಡಿದರು. "ಅಯ್ಯೋ ಶಿವನೇ! ಎಲ್ ಹೋದ್ವೇ ಹುಳ?"

ನಮ್ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ಅಕ್ಕಿ ಹಾರುತ್ತದೆ, ಹುಳ ಇದ್ದಲ್ಲೇ ಇರುತ್ತದೆ. ಅಕ್ಕಿ ಅಲುಗಾಡಿಸಿದರೂ ಹುಳ ಅಲುಗಾಡುವುದಿಲ್ಲವೆಂದರೆ ಹುಳ ಇರುವುದು ಅಕ್ಕಿಯಲ್ಲಲ್ಲ, ಕನ್ನಡಕದಲ್ಲಿ. ಕೆಂಪು ಪುಡಿ. ಬಿಚ್ಚಿಟ್ಟ ಕ್ಯಾಮೆರಾ. ಬಿಚ್ಚಿಟ್ಟ ಪೊಟ್ಟಣ. ಗಿರ್ರನೆ ತಿರುಗುವ ಫ್ಯಾನು. ಜೋಡಿ ಸೀನು!

"ರೀ, ಸ್ಕೂಟರ್ ಕೀ!" ಎಂದು ಕಿರುಚಿದೆ. ಅಂದು ನಾನು ಬೀಗ ಜಗ್ಗಲಿಲ್ಲ, ಗ್ಯಾಸ್ ನೋಡಲಿಲ್ಲ, ತಲೆ ಬಾಚಲಿಲ್ಲ. ನಾಗರಬಾವಿ ಸರ್ಕಲ್ಲಿನಲ್ಲಿ ಒಬ್ಬ ಆಟೋದವರು, "ಯಾಕಮ್ಮಾ, ಎಲ್ಲಾದ್ರೂ ಬೆಂಕಿ ಬಿದ್ದಿದ್ಯಾ?" ಎಂದು ಕೇಳಿದರು. "ಬಿದ್ದಿಲ್ಲ ಅಣ್ಣ, ಆರೋ ಹಾಗಿದೆ!" ಎಂದು ಹೇಳಿ ಮುಂದೆ ಹೋದೆ.

ಲ್ಯಾಬಿನಲ್ಲಿ ಮೊದಲು ಗೋಡೆಯ ಹಾರ ತೆಗೆದೆ. ಬಾಡಿದ ಸೇವಂತಿಗೆಯ ಹಿಂದಿನಿಂದ ನನ್ನದೇ ಕೈಬರಹ ನನ್ನನ್ನು ನೋಡಿತು: "ಖಾಲಿ ಗಾಜು ಇಟ್ಟು ನೋಡಿ. ಏನೂ ಕಾಣಬಾರದು." ದಾರವಿಲ್ಲದ, ಮಣಿಯಿಲ್ಲದ, ಶುದ್ಧ ಖಾಲಿ ಗಾಜನ್ನು ಮಿಷನ್ನಿಗೆ ಏರಿಸಿ ಗುಂಡಿ ಒತ್ತಿದೆ. ಕಂಪ್ಯೂಟರ್ ಶ್ರದ್ಧೆಯಿಂದ ಎಣಿಸಿತು. ಸಾವಿರದ ಐನೂರ ಇಪ್ಪತ್ತೆಂಟು! ಏನೂ ಇಲ್ಲದ ಕಡೆ ಸಾವಿರದ ಐನೂರ ಇಪ್ಪತ್ತೆಂಟು! ಗಾಜನ್ನು ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಚುಕ್ಕಿಗಳು ಅತ್ತೆಯ ಹುಳುಗಳಂತೆ ಇದ್ದಲ್ಲೇ ಇದ್ದವು. ಕ್ಯಾಮೆರಾ ಬಿಚ್ಚಿ ಬೆಳಕಿಗೆ ಹಿಡಿದೆ. ಅದರ ಕಣ್ಣಿನ ಮೇಲೆ ನವರಾತ್ರಿಯ ಕುಂಕುಮ ನಯವಾಗಿ ಹರಡಿ ಕೂತಿತ್ತು. ಒಂದೊಂದು ಕಣಕ್ಕೂ ಸುತ್ತ ಬಳೆ ಬಿದ್ದು, ಕಂಪ್ಯೂಟರಿನ ಕಣ್ಣಿಗೆ ಮಣಿಯ ಹಾಗೇ ಕಂಡಿತ್ತು.

ಆಗ ಒಂದು ಸಣ್ಣ ಕಳೆಯುವ ಲೆಕ್ಕ ಮಾಡಿದೆ. ಎರಡು ಸಾವಿರದ ನೂರ ನಲವತ್ತರಲ್ಲಿ ಕುಂಕುಮ ಕಳೆದರೆ ಉಳಿಯುವುದು ಆರುನೂರ ಹನ್ನೆರಡು. ಅವು ನಿಜವಾದ ದಾರಗಳು. ಹಾಗಾದರೆ ಆ ಆರುನೂರ ಹನ್ನೆರಡು ಮೊದಲನೆಯ ದಿನ ಏನು ಮಾಡುತ್ತಿದ್ದವು? ನಾನು ನೋಡಿದ್ದು ಎಲ್ಲವನ್ನೂ ಕಲಸಿದ ಒಂದು ಗೆರೆಯನ್ನು ಮಾತ್ರ. ಒಂದೊಂದು ಚುಕ್ಕಿಯನ್ನೂ ಪ್ರತ್ಯೇಕವಾಗಿ ನೋಡಿರಲೇ ಇಲ್ಲ. ನೋಡುವುದೇ ನನ್ನ ಏಳು ವರ್ಷದ ವೃತ್ತಿಯಾಗಿತ್ತು!

ಮೊದಲನೆಯ ದಿನದ, ಅಂದರೆ ಗುರುವಾರದ ದಾಖಲೆ ತೆಗೆದೆ. ಕುಂಕುಮದ ಚುಕ್ಕಿಗಳನ್ನು ಒಂದು ಕಡೆಗೆ ಸರಿಸಿ, ಉಳಿದವನ್ನು ಒಂದೊಂದಾಗಿ ತೆರೆದೆ. ಮೊದಲನೆಯದು: ಮಣಿ ಇಳಿದಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು, ಟಕ್ಕನೆ ಮೇಲೆದ್ದಿದೆ. ಎರಡನೆಯದು: ಟಕ್, ಟಕ್. ಮೂರನೆಯದು ಸೋಮಾರಿ, ತಡವಾಗಿ ಎದ್ದಿದೆ. ನಾಲ್ಕನೆಯದು, ಹತ್ತನೆಯದು, ನೂರನೆಯದು. ಎಲ್ಲವೂ ದಾರದ ಸುತ್ತು ಬಿಚ್ಚುತ್ತಾ, ಮಣಿ ಏಳಿಸುತ್ತಾ, ನಾನು ಸತ್ತಿವೆ ಎಂದು ಮೇಲ್ ಬರೆಯುವುದಕ್ಕೆ ಮುಂಚೆಯೇ ನನ್ನ ಥೀಸಿಸ್ಸಿನ ಕೊನೆಯ ಅಧ್ಯಾಯವನ್ನು ಮಾಡಿ ಮುಗಿಸಿದ್ದವು. ಎರಡನೆಯ ದಿನದ ದಾಖಲೆ ತೆರೆದರೆ ಅಲ್ಲೂ ಇದೇ ಕಥೆ. ಒಂದಲ್ಲ, ಎರಡು ಸಲ! ಮೂರನೆಯ ಟ್ಯೂಬನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ನಾನು ಕುರ್ಚಿಗೆ ಒರಗಿ ಒಂದು ದೊಡ್ಡ ಉಸಿರು ಬಿಟ್ಟೆ. ಏಳು ವರ್ಷದಿಂದ ಕಟ್ಟಿಟ್ಟಿದ್ದ ಉಸಿರು ಅದು. ಎದೆಯ ಮೇಲಿನ ರುಬ್ಬುವ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಗಟ್ಟಿಯಾಗಿ ನಕ್ಕೆ, ನಗುತ್ತಲೇ ಕಣ್ಣೊರೆಸಿಕೊಂಡೆ.

ಸದ್ದು ಕೇಳಿ ರಂಗಪ್ಪನವರು ಬಾಗಿಲಲ್ಲಿ ಇಣುಕಿದರು. ನಾನು ಎದ್ದು ಹೋಗಿ ಎರಡೂ ಕೈ ಜೋಡಿಸಿದೆ.

"ರಂಗಪ್ಪಣ್ಣ, ತಪ್ಪಾಯ್ತು. ಫ್ರೀಜರ್ ಸರಿಯಾಗೇ ಇತ್ತು. ಕ್ಯಾಮೆರಾ ಕಣ್ಣಿಗೆ ಕುಂಕುಮ ಹಾರಿಸಿದ್ದು ನಾನೇ."

ಅವರು ಕ್ಯಾಮೆರಾವನ್ನೂ ನನ್ನ ಬಾಚದ ತಲೆಯನ್ನೂ ನೋಡಿದರು. "ನಾನು ಒಂದೇ ಬೊಟ್ಟಿಡಿ ಅಂದಿದ್ದು ಮೇಡಮ್ಮೋರೇ. ನೀವು ಅರ್ಚನೇನೇ ಮಾಡ್ಬಿಟ್ರಲ್ಲ!" ಎಂದು ಹೇಳಿ, ಟೀ ತರಲು ಹೋದರು. ಮೂರು ದಿನದಲ್ಲಿ ನನ್ನ ಗಂಟಲಿಗೆ ಇಳಿದ ಮೊದಲ ಒಳ್ಳೆಯ ಟೀ ಅದು.

ಇನ್ನು ಗೈಡ್ ಸಾರ್‌ಗೆ ಫೋನ್ ಮಾಡುವುದು. ಪೂಜೆಯಿಂದ ಹಿಡಿದು ಮೊರದವರೆಗೆ ಒಂದೂ ಬಿಡದೆ ಹೇಳಿದೆ.

"ನಿಮ್ಮ ಮೇಲ್ ಓದಿ ರಾತ್ರಿ ನಿದ್ದೆ ಮಾಡಿಲ್ಲ ಸುಜಾತಾ ನಾನು. ಡೇಟಾ ಸರಿ ಇದೆಯಾ?"

"ಇದೆ ಸಾರ್. ಆರುನೂರ ಹನ್ನೆರಡು. ಒಂದೊಂದಾಗಿ ನೋಡಿದೆ."

"ದೇವರು ದೊಡ್ಡವನು," ಎಂದರು ಸಾರ್. ಏಳು ವರ್ಷದಲ್ಲಿ ಅವರ ಬಾಯಿಂದ ದೇವರ ಹೆಸರು ಬಂದದ್ದು ಅದೇ ಮೊದಲು. ಆಮೇಲೆ ಅವರಿಗೆ ತಮ್ಮ ಸಹಜ ಸ್ವಭಾವ ನೆನಪಾಯಿತು. "ಕ್ಯಾಮೆರಾ ಒರೆಸಿ. ಆಮೇಲೆ ಏನನ್ನೂ ಮುಟ್ಟಬೇಡಿ. ಕೂತು ಬರೀರಿ. ಹಾಂ, ಎರಡು ಸಾವಿರದ ನೂರ ನಲವತ್ತು ಅಂತ ನಾನು ಯಾರ್ಯಾರಿಗೆ ಹೇಳಿದೀನೋ, ಅವರಿಗೆಲ್ಲ ಸೋಮವಾರ ನೀವೇ ಹೋಗಿ ಹೇಳಿ."

ಹೇಳಿದೆ. ಟೀ ಹೊತ್ತಿನಲ್ಲಿ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ ನಿಂತು, ಕೈಕುಲುಕಿದ್ದ ಮುಖ್ಯಸ್ಥರಿಂದ ಹಿಡಿದು ಪೆನ್ನು ಹಿಡಿದು ಬಂದಿದ್ದವರವರೆಗೆ ಎಲ್ಲರಿಗೂ, ನನ್ನ ಸುಧಾರಿತ ವಿಧಾನ ಏನೆಂದು ವಿವರಿಸಿದೆ. ಆ ಕೋಣೆಯಲ್ಲಿ ಅಷ್ಟು ನಗು ಅದಕ್ಕೆ ಮುಂಚೆ ಕೇಳಿರಲಿಲ್ಲ. ಪಕ್ಕದ ಲ್ಯಾಬಿನವರು ತಾವು ಬರೆದುಕೊಂಡ ಚೀಟಿಯನ್ನು ನನಗೇ ವಾಪಸ್ ಕೊಟ್ಟರು. ಮನೆಯಲ್ಲಿ ನಮ್ಮನೆಯವರು ಕಥೆಯೆಲ್ಲ ಕೇಳಿ ಗಲ್ಲ ಸವರಿಕೊಂಡು, "ಅಂದ್ರೆ ಒಟ್ನಲ್ಲಿ ಪ್ಲಗ್ಗೇ ಹಾಕಿರಲಿಲ್ಲ ಅನ್ನು," ಎಂದರು. ವಾಟ್ಸಾಪ್ ಗುಂಪಿಗೆ ತಿದ್ದುಪಡಿ ಹಾಕಿದರೂ ಕೆಂಗೇರಿಯ ಚಿಕ್ಕಮ್ಮ ಅದನ್ನು ಓದಿಲ್ಲ. ನನಗೆ ಎರಡು ಸಾವಿರದ ನೂರ ನಲವತ್ತು ಬಂದಿದೆಯೆಂದು ಅವರು ಇಂದಿಗೂ ಮದುವೆಮನೆಗಳಲ್ಲಿ ಹೇಳುತ್ತಾರೆ.

ತಿಂಗಳು ಮುಗಿಯಲು ಎರಡು ದಿನವಿರುವಾಗ ಥೀಸಿಸ್ ಕೊಟ್ಟೆ. ಅತ್ತೆ ಅದರ ರಟ್ಟಿಗೊಂದು ಕುಂಕುಮದ ಬೊಟ್ಟಿಡಲು ಬಂದರು. ನಾನು ಥೀಸಿಸ್ಸನ್ನು ಎದೆಗವಚಿಕೊಂಡು ಬೀದಿಯವರೆಗೂ ಓಡಿದೆ. ಕೆಲವು ತಿಂಗಳ ಮೇಲೆ ನಾನು ಡಾಕ್ಟರ್ ಆದೆ. ಸೊಂಟ ನೋವಿಗೆ ಮಾತ್ರೆ ಬರೆದುಕೊಡಲು ಬಾರದ ಡಾಕ್ಟರೆಂದು ಅತ್ತೆಗೆ ಸ್ವಲ್ಪ ನಿರಾಸೆಯಾಯಿತು. ಅದೇ ಲ್ಯಾಬಿನಲ್ಲಿ ಕೆಲಸ ಮುಂದುವರಿಯಿತು.

ಮತ್ತೆ ಆಯುಧ ಪೂಜೆ ಬಂತು. ಈ ಸಲ ನಾನು ಕ್ಯಾಮೆರಾವನ್ನು ಬಿಚ್ಚಲಿಲ್ಲ. ಇಡೀ ಮಿಷನ್ನಿಗೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಟೇಪು ಅಂಟಿಸಿ, ಫ್ಯಾನಿನ ಸ್ವಿಚ್ಚಿಗೂ ಟೇಪು ಸುತ್ತಿ, ನಿಯಮಗಳ ಪಟ್ಟಿಯನ್ನು ಹಾರ ನಿಲುಕದ ಎತ್ತರಕ್ಕೆ ಏರಿಸಿ ಕಾದು ನಿಂತೆ. ಮೊದಲೇ ಹೇಳಿದೆನಲ್ಲ, ನಾನು ಬಹಳ ಜಾಗರೂಕ ಹೆಂಗಸು. ರಂಗಪ್ಪನವರು ಕುಂಕುಮದ ತಟ್ಟೆ ಹಿಡಿದು ಬಂದರು. ನಾನು ಮಿಷನ್ನಿಗೆ ಅಡ್ಡ ನಿಂತು, ಪ್ಲಾಸ್ಟಿಕ್ಕಿನ ಒಂದು ಮೂಲೆಯನ್ನು ತೋರಿಸಿದೆ.

"ಇಲ್ಲಿ, ಇಷ್ಟೇ ಇಷ್ಟು ಇಡಿ ರಂಗಪ್ಪಣ್ಣ."

"ಮಿಷನ್‌ಗ್ಯಾಕೆ ಮೇಡಮ್ಮೋರೇ?" ಎಂದರು ರಂಗಪ್ಪನವರು. "ಅದು ಹೋದ್ ವರ್ಷಾನೂ ಸರಿಯಾಗೇ ಇತ್ತಲ್ಲ."

ಹಾಗೆಂದು ಬೆರಳು ಕುಂಕುಮದಲ್ಲಿ ಅದ್ದಿ, ನನ್ನ ಹಣೆಯ ನಡುವೆ ಒಂದು ದೊಡ್ಡ ಬೊಟ್ಟಿಟ್ಟು, ತಲೆಯ ಮೇಲೊಂದು ಸೇವಂತಿಗೆ ಇಟ್ಟು, ಕೈಮುಗಿದರು.